ಚೀಟಿಯಲ್ಲಿ ನಾನೇ ಬರೆಸಿದ ಸುಳ್ಳು

ಡಿಪ್ಲೊಮಾ ಮುಗಿಸಿ ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ಗುತ್ತಿಗೆ ಮೇಲೆ ಸೇರಿದ್ದೆ. ಒಂಬತ್ತನೇ ದಿನ ಪ್ರೆಸ್ ಯಂತ್ರಕ್ಕೆ ತೋರುಬೆರಳು ಸಿಕ್ಕಿ ತುದಿ ಹೋಯಿತು. ಆಸ್ಪತ್ರೆಗೆ ಕರೆದೊಯ್ಯುವಾಗ ಸೂಪರ್‌ವೈಸರ್ ಹೇಳಿದ್ದು ಒಂದೇ ಮಾತು: ‘ಮನೆ ಬಾಗಿಲಿಗೆ ಸಿಕ್ತು ಅಂತ ಬರೆಸು. ಇಲ್ಲಾಂದ್ರೆ ಕೆಲಸ ಇರಲ್ಲ.’ ಹಾಗೆಯೇ ಬರೆಸಿದೆ. ಕೆಲಸವೂ ಉಳಿಯಲಿಲ್ಲ.

ಪರಿಹಾರವೆಂದರೆ ಮಾಲೀಕರು ಕನಿಕರಪಟ್ಟು ಕೊಡುವ ಹಣ ಎಂದುಕೊಂಡಿದ್ದೆ. ಅದು ನಮ್ಮ ಹಕ್ಕು. ಕೆಲಸದ ವೇಳೆ, ಕೆಲಸದ ಕಾರಣದಿಂದ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕೆಂದು 1923ರ ಕಾಯ್ದೆಯೇ ಹೇಳಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಗುತ್ತಿಗೆ ಕಾರ್ಮಿಕರೂ ಅದರೊಳಗೇ ಬರುತ್ತಾರೆ. ಇಎಸ್‌ಐ ಇದ್ದರಂತೂ ಚಿಕಿತ್ಸೆಯ ಜೊತೆಗೆ, ದುಡಿಯಲಾಗದ ದಿನಗಳಿಗೆ ವೇತನದ ಶೇ 90ರಷ್ಟು ಹಣ ಸಿಗುತ್ತದೆ. ಸೇರಿದ ಮೊದಲ ದಿನವೇ ಗಾಯವಾದರೂ ಸರಿ.

ಸಂದರ್ಶನಕ್ಕೆಂದು ನೂರು ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡುತ್ತೇವೆ. ನಾವು ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕಲಿಸುವುದಿಲ್ಲ: ‘ಸರ್, ನನ್ನ ಇಎಸ್‌ಐ ನಂಬರ್ ಯಾವಾಗ ಸಿಗುತ್ತದೆ?’ ನೇಮಕ ಪತ್ರ, ವೇತನ ಚೀಟಿ, ಹಾಜರಿಯ ಫೋಟೊ ಯಾವುದಾದರೂ ನಿಮ್ಮ ಬಳಿ ಇರಲಿ.

ಪರಿಹಾರ ಕೇಳಲು ಎರಡು ವರ್ಷ ಕಾಲಾವಕಾಶವಿದೆ. ನಾನೂ ಅರ್ಜಿ ಹಾಕುತ್ತಿದ್ದೇನೆ. ಆದರೆ ಈಗ ನನ್ನ ಎದುರು ನಿಂತಿರುವುದು ಮಾಲೀಕರಿಗಿಂತ ಮೊದಲು ಆ ಆಸ್ಪತ್ರೆ ಚೀಟಿ. ಗೆಳೆಯರೇ, ಗಾಯವಾದರೆ ಎಷ್ಟೇ ನೋವಿರಲಿ, ಯಾರೇ ಹೆದರಿಸಲಿ, ನಡೆದದ್ದನ್ನೇ ಬರೆಸಿ.