ಜಾತಿ ನಾಯಿಯೂ ಕಂತ್ರಿ ನಾಯಿಯೂ

ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಇತ್ತ ವಾಶಿಯಿಂದ ಖಾರ್‌ಘರದವರೆಗೆ ನಮ್ಮ ಕನ್ನಡಿಗರ ಮನೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ: “ಮಕ್ಕಳು ನಾಯಿ ಬೇಕೆಂದು ಹಟ ಹಿಡಿದಿದ್ದಾರೆ. ಯಾವ ಜಾತಿಯದನ್ನು ತರೋಣ?” ಹೀಗೆ ಕೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಒಂಬತ್ತನೆಯ ತರಗತಿಯ ಮಗನೋ ಹನ್ನೊಂದನೆಯ ತರಗತಿಯ ಮಗಳೋ ಇರುತ್ತಾರೆ. ಉತ್ತರ ಹೇಳುವವರಿಗೂ ಬರವಿಲ್ಲ. ಒಬ್ಬರು ಲ್ಯಾಬ್ರಡಾರ್ ಎನ್ನುತ್ತಾರೆ, ಇನ್ನೊಬ್ಬರು ಪಗ್ ಎನ್ನುತ್ತಾರೆ, ಮಗನಂತೂ ಫೋನಿನಲ್ಲಿ ಹಸ್ಕಿಯ ನೀಲಿ ಕಣ್ಣು ತೋರಿಸುತ್ತಾನೆ. ಅಭಿಮಾನಿಗಳಾದ ಕೆಲವರು, “ನಮ್ಮ ಮುಧೋಳದ ನಾಯಿ ಇರುವಾಗ ಪರದೇಶಿ ನಾಯಿ ಯಾಕೆ?” ಎಂದು ಮೀಸೆ ತಿರುವುತ್ತಾರೆ.

ಈ ಪ್ರಶ್ನೆಯೇ ತಪ್ಪು ಎಂಬುದು ನನ್ನ ವಾದ. ಮೊದಲು ನೋಡಬೇಕಾದದ್ದು ನಾಯಿಯ ಜಾತಿಯನ್ನಲ್ಲ, ನಮ್ಮ ಮನೆಯನ್ನು. ಮನೆಯಲ್ಲಿ ಹಗಲು ಯಾರಿರುತ್ತಾರೆ, ಎಷ್ಟು ಮೆಟ್ಟಿಲು ಇಳಿಯಬೇಕು, ಐದು ವರ್ಷದ ನಂತರ ಸರಪಳಿ ಯಾರ ಕೈಯಲ್ಲಿರುತ್ತದೆ ಎಂಬ ಲೆಕ್ಕ ಮೊದಲು ಆಗಬೇಕು. ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ನಮ್ಮ ಹೆಚ್ಚಿನ ಮನೆಗಳಿಗೆ ಒಪ್ಪುವುದು ಹೆಸರಿಲ್ಲದ ಊರ ನಾಯಿಯ ಮರಿ. ಕೆಲವು ಮನೆಗಳಿಗೆ ಯಾವ ನಾಯಿಯೂ ಒಪ್ಪುವುದಿಲ್ಲ. ಜಾತಿ ನಾಯಿ ಒಪ್ಪುವ ಮನೆಗಳು ಬೆರಳೆಣಿಕೆಯಷ್ಟು ಮಾತ್ರ.

ನಮ್ಮ ಆಡುಮಾತಿನಲ್ಲೇ ಈ ಗೀಳಿನ ಮೂಲವಿದೆ. ಹೆಸರುಳ್ಳ ತಳಿಯನ್ನು ನಾವು ‘ಜಾತಿ ನಾಯಿ’ ಎನ್ನುತ್ತೇವೆ, ಬೀದಿಯದನ್ನು ‘ಕಂತ್ರಿ ನಾಯಿ’ ಎನ್ನುತ್ತೇವೆ. ಇಂಗ್ಲಿಷರ ‘ಕಂಟ್ರಿ’ ನಮ್ಮ ಬಾಯಲ್ಲಿ ಕಂತ್ರಿಯಾಯಿತೆಂದು ಬಲ್ಲವರು ಹೇಳುತ್ತಾರೆ. ‘ಈ ನಾಡಿನದು’ ಎಂಬ ಮಾತೇ ಬೈಗುಳವಾಯಿತು. ಮನುಷ್ಯರಲ್ಲಿ ಜಾತಿ ನೋಡಬಾರದೆಂದು ಸಂಘದ ವೇದಿಕೆಯಲ್ಲಿ ಭಾಷಣ ಮಾಡುವ ನಾವು ಮನೆಗೆ ಬಂದು ನಾಯಿಯ ಜಾತಿಪತ್ರಕ್ಕೆ ಸಾವಿರಾರು ರೂಪಾಯಿ ಎಣಿಸುತ್ತೇವೆ!

ಮೊದಲು ಕಾಲದ ಲೆಕ್ಕ ನೋಡೋಣ. ನಾಯಿಯ ಆಯುಸ್ಸು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ವರ್ಷ. ಹದಿನೈದು ವರ್ಷದ ಮಗನಿಗೆಂದು ಇಂದು ತಂದ ಮರಿ ಅವನಿಗೆ ಇಪ್ಪತ್ತೇಳಾಗುವಾಗಲೂ ಮನೆಯಲ್ಲಿರುತ್ತದೆ. ಅವನು ಮಾತ್ರ ಇರುವುದಿಲ್ಲ. ಮುಂದಿನ ವರ್ಷ ಹತ್ತನೆಯ ಪರೀಕ್ಷೆ, ಆಮೇಲೆ ಹನ್ನೆರಡನೆಯದು, ನಡುವೆ ಬೆಳಿಗ್ಗೆ ಸಂಜೆ ಕ್ಲಾಸುಗಳು. ಬಳಿಕ ಪುಣೆಗೋ ಬೆಂಗಳೂರಿಗೋ ಸುರತ್ಕಲ್ಲಿಗೋ ಹೊರಟುಹೋಗುತ್ತಾನೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎಂಬ ಗಾದೆ ಇಲ್ಲಿ ತಿರುಗಿ ನಿಲ್ಲುತ್ತದೆ. ಅಪ್ಪ ಮಗನಿಗೆ ಹೇಳುತ್ತಾರೆ, ಮಗ ತಂಗಿಗೆ ಹೇಳುತ್ತಾನೆ, ತಂಗಿ ಅಮ್ಮನ ಮುಖ ನೋಡುತ್ತಾಳೆ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದು, ಡಬ್ಬಿ ಕಟ್ಟಿ, ತಾನೂ ಲೋಕಲ್ ಹಿಡಿಯಬೇಕಾದ ಆ ತಾಯಿಯ ಕೈಗೆ ಕೊನೆಗೆ ಸರಪಳಿ ಬರುತ್ತದೆ. ಆದ್ದರಿಂದ ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ನಾಯಿಯನ್ನು ಆರಿಸುವ ಮೊದಲ ಹಕ್ಕು ಮನೆಯಾಕೆಯದು. ಆಕೆ ಬೇಡವೆಂದರೆ ಅಲ್ಲಿಗೆ ಚರ್ಚೆ ಮುಗಿಯಬೇಕು.

ಎರಡನೆಯದು ಹವೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿ, ಬಾಯಿ ಮೂಗುಗಳ ತೇವವನ್ನು ಆವಿ ಮಾಡಿಯೇ ಅದು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಆವಿಯಾಗುವುದು ನಿಧಾನವಾಗುತ್ತದೆ. ಇದು ಶಾಲೆಯಲ್ಲಿ ಓದಿದ ವಿಜ್ಞಾನ. ಮೇ ತಿಂಗಳ ನಮ್ಮ ಉಪನಗರಗಳ ಸೆಕೆ ಬಲ್ಲವರಿಗೆ ಇನ್ನು ಬಿಡಿಸಿ ಹೇಳಬೇಕಿಲ್ಲ. ಸೈಬೀರಿಯದ ಹಿಮದಲ್ಲಿ ಜಾರುಬಂಡಿ ಎಳೆಯಲೆಂದು ಎರಡು ಪದರದ ತುಪ್ಪಳ ಹೊತ್ತು ಹುಟ್ಟಿದ ಹಸ್ಕಿಯನ್ನು ಇಲ್ಲಿಗೆ ತಂದು ಫ್ಯಾನಿನ ಕೆಳಗೆ ಮಲಗಿಸುವುದಕ್ಕೆ ಪ್ರಾಣಿಪ್ರೀತಿ ಎಂಬ ಹೆಸರು ಸಲ್ಲದು. ನಾವೂ ಊರು ಬಿಟ್ಟು ಬಂದವರೇ, ನಿಜ. ಆದರೆ ನಾವು ನಮ್ಮ ಹೊಟ್ಟೆಪಾಡಿಗೆ ನಮ್ಮ ಇಚ್ಛೆಯಿಂದ ಬಂದೆವು. ಆ ನಾಯಿಯನ್ನು ಯಾರೂ ಕೇಳಲಿಲ್ಲ.

ಪಗ್‌ನ ಕಥೆ ಇನ್ನೂ ಕೆಟ್ಟದು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಹಿಂದೆ ನಡೆದ ಪಗ್ಗನ್ನು ನೋಡಿ ದೇಶವೇ ಮರುಳಾಯಿತು. ಚಿಕ್ಕದು, ಫ್ಲ್ಯಾಟಿಗೆ ಹೇಳಿ ಮಾಡಿಸಿದ್ದು ಎಂದು ಇಂದಿಗೂ ಹೇಳುತ್ತಾರೆ. ಅದರ ಮೂತಿಯನ್ನು ಮನುಷ್ಯರು ತಲೆಮಾರುಗಳ ಕಾಲ ಆರಿಸಿ ಆರಿಸಿ ಚಪ್ಪಟೆ ಮಾಡಿದ್ದಾರೆ. ತೇಕಿ ತಣಿಯಬೇಕಾದ ಪ್ರಾಣಿಗೆ ತೇಕುವ ದಾರಿಯೇ ಇಕ್ಕಟ್ಟಾಗಿದೆ. ಮಲಗಿದಾಗ ಅದು ಗೊರಕೆ ಹೊಡೆಯುವುದನ್ನು ಮಕ್ಕಳು ಮುದ್ದು ಎಂದು ನಗುತ್ತಾರೆ. ಅದು ಉಸಿರಿಗಾಗಿ ಪಡುವ ಪಾಡು.

ಮೂರನೆಯದು ಮೆಟ್ಟಿಲು. ಡೊಂಬಿವಲಿ, ಕಲ್ಯಾಣಗಳ ಹಳೆಯ ಸೊಸೈಟಿಗಳು ಬಹಳಷ್ಟು ಮೂರು ನಾಲ್ಕು ಮಹಡಿಯವು, ಲಿಫ್ಟ್ ಇಲ್ಲದವು. ಲ್ಯಾಬ್ರಡಾರ್ ಸಾಧು ಪ್ರಾಣಿ, ಮಕ್ಕಳೊಡನೆ ಹೊಂದಿಕೊಳ್ಳುತ್ತದೆ, ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆಳೆದ ಲ್ಯಾಬ್ರಡಾರಿನ ತೂಕ ಮೂವತ್ತು ಕಿಲೋ ಮುಟ್ಟುತ್ತದೆ. ಓಡಾಟ ಕಡಿಮೆಯಾದರೆ ಕೊಬ್ಬು ಏರುತ್ತದೆ. ಸೊಂಟದ ಕೀಲು ಸಡಿಲವಾಗುವ ಕಾಯಿಲೆಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಎರಡೂ ಹೆಸರಾದ ತಳಿಗಳು. ಹತ್ತನೆಯ ವರ್ಷದಲ್ಲಿ ಅದು ಕಾಲು ಊರಲಾರದೆ ಕುಳಿತಾಗ, ದಿನಕ್ಕೆ ಎರಡು ಸಲ ಅಕ್ಕಿಮೂಟೆಯ ತೂಕದ ಆ ಜೀವವನ್ನು ಮೂರನೆಯ ಮಹಡಿಯಿಂದ ಇಳಿಸಿ ಏರಿಸುವವರು ಯಾರು? ಮಗ ಬೆಂಗಳೂರಿನಲ್ಲಿ, ಅಪ್ಪನಿಗೆ ಆಗ ಅರವತ್ತರ ಹತ್ತಿರ, ಅಮ್ಮನಿಗೆ ಮಂಡಿನೋವು.

ವಲಸೆ ಬಂದ ನಮಗೆ ಇನ್ನೊಂದು ತೊಡಕಿದೆ, ಊರಿನ ರಜೆ. ಮೇ ತಿಂಗಳಲ್ಲಿ ಮತ್ಸ್ಯಗಂಧವನ್ನೋ ಉದ್ಯಾನವನ್ನೋ ಹಿಡಿಯುವವರು ನಾವು. ಬೆಳೆದ ನಾಯಿಯನ್ನು ಸ್ಲೀಪರಿನಲ್ಲಾಗಲಿ, ಎರಡನೆಯ ಮೂರನೆಯ ದರ್ಜೆಯ ಎ.ಸಿ.ಯಲ್ಲಾಗಲಿ ಜೊತೆಗೆ ಕೂರಿಸಿಕೊಳ್ಳಲು ರೈಲ್ವೆ ನಿಯಮ ಬಿಡುವುದಿಲ್ಲ. ಮೊದಲ ದರ್ಜೆಯಲ್ಲಿ ಇಡೀ ಕೂಪೆಯನ್ನು ಕಾಯ್ದಿರಿಸಬೇಕು, ಇಲ್ಲವೇ ಬ್ರೇಕ್‌ವ್ಯಾನಿನ ಪೆಟ್ಟಿಗೆಯಲ್ಲಿ ಹಾಕಬೇಕು. ಅಂದರೆ ಪ್ರತಿವರ್ಷ ಇಪ್ಪತ್ತು ದಿನ ನಾಯಿಯನ್ನು ಯಾರ ಬಳಿ ಬಿಡುವುದೆಂಬುದು ಮರಿ ತರುವ ಮೊದಲೇ ತೀರ್ಮಾನವಾಗಿರಬೇಕು.

ಇನ್ನು ಮಾರಾಟದ ಸಂಗತಿ. ತಳಿಯ ‘ಶುದ್ಧತೆ’ ಎಂದರೆ ಹೆಚ್ಚಾಗಿ ಹತ್ತಿರದ ರಕ್ತದೊಳಗೇ ಕೂಡಿಸುವುದು. ಸಂಬಂಧಿಗಳ ಕೂಡಿಕೆಯಲ್ಲಿ, ಅಡಗಿದ್ದ ದೋಷದ ಗುಣಾಣು ತಂದೆ ತಾಯಿ ಇಬ್ಬರಿಂದಲೂ ಮರಿಗೆ ಬರುವ ಸಂಭವ ಹೆಚ್ಚು. ಸೊಂಟ, ಕಣ್ಣು, ಹೃದಯಗಳ ಎಷ್ಟೋ ಕಾಯಿಲೆಗಳು ಹೀಗೆ ತಳಿಗೆ ಅಂಟಿಕೊಂಡಿವೆ. ನಾಯಿಗಳ ಸಂವರ್ಧನೆ ಮತ್ತು ಮಾರಾಟಕ್ಕೆ ಕೇಂದ್ರ ಸರಕಾರ 2017ರಲ್ಲೇ ನಿಯಮ ಮಾಡಿದೆ: ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಫೋನಿನಲ್ಲಿ ಚಿತ್ರ ಕಳಿಸಿ, ಸ್ಟೇಷನ್ನಿನ ಹೊರಗೆ ಚೀಲದಲ್ಲಿ ಮರಿ ತಂದು ಕೊಡುವವನ ಬಳಿ ಆ ನೋಂದಣಿ ಪತ್ರವನ್ನು ಒಮ್ಮೆ ಕೇಳಿ ನೋಡಿ!

ಈಗ ನಮ್ಮ ಮುಧೋಳಾಭಿಮಾನಿಗಳಿಗೆ ಒಂದು ಮಾತು. ಬಾಗಲಕೋಟೆ ಜಿಲ್ಲೆಯ ಆ ನಾಯಿಯ ಬಗ್ಗೆ ನನಗೂ ಹೆಮ್ಮೆಯಿದೆ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದಿತು. 2016ರಲ್ಲಿ ಸೈನ್ಯದವರು ಅದರ ಮರಿಗಳನ್ನು ತರಬೇತಿಗೆಂದು ಮೀರತ್ತಿಗೆ ಒಯ್ದರು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ಆಕಾಶವಾಣಿಯಲ್ಲಿ ಅದರ ಹೆಸರೆತ್ತಿದರು. ಆದರೆ ಅದು ಬಯಲುಸೀಮೆಯಲ್ಲಿ ಬೇಟೆಯ ಹಿಂದೆ ಬಾಣದಂತೆ ಓಡಲೆಂದು ಬೆಳೆದ ಪ್ರಾಣಿ, ಎತ್ತರ ಎರಡಡಿಗೂ ಮೀರಿದ್ದು. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದು ಅದರ ಹುಟ್ಟುಗುಣ. ಅದನ್ನು ನಾನೂರು ಚದರಡಿಯ ಮನೆಯಲ್ಲಿ ಕಟ್ಟಿ, ರಿಕ್ಷಾಗಳ ಸಂದಣಿಯಲ್ಲಿ ಹದಿನಾಲ್ಕರ ಹುಡುಗನ ಕೈಗೆ ಕೊಟ್ಟು “ನಮ್ಮ ಕನ್ನಡದ ನಾಯಿ” ಎಂದು ಬೀಗುವುದು ನಾಡಿಗೂ ಗೌರವವಲ್ಲ, ನಾಯಿಗೂ ಹಿತವಲ್ಲ. ಮುಧೋಳವನ್ನು ಉಳಿಸುವ ಕೆಲಸ ಅಲ್ಲಿಯ ಹೊಲಗದ್ದೆಯವರದು, ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ್ದು, ನಮ್ಮ ಬಾಲ್ಕನಿಯದಲ್ಲ.

ಅಷ್ಟಕ್ಕೂ ನಾಯಿಗೆ ಗೌರವ ಕೊಡುವುದನ್ನು ಕನ್ನಡಿಗರಿಗೆ ಹೊಸದಾಗಿ ಕಲಿಸಬೇಕಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಶಾಸನವಿತ್ತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಕಾದಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲಿನಲ್ಲಿ ಕಾಳಿಯ ಹೆಸರಿದೆ, ಅದು ಮಾಡಿದ ಕೆಲಸವಿದೆ. ಅದರ ತಳಿಯ ಮಾತಿಲ್ಲ. ನಾವೂ ನಮ್ಮ ಮರಾಠಿ ನೆರೆಯವರೂ ಕೂಡಿ ನಡೆದುಕೊಳ್ಳುವ ಮೈಲಾರಲಿಂಗನ, ಅವರ ಖಂಡೋಬನ ಜೊತೆಗೂ ನಾಯಿ ಇದೆ. ಅದರ ಜಾತಿಯನ್ನೂ ಯಾವ ಭಕ್ತನೂ ಕೇಳಿಲ್ಲ.

ಹಾಗಾದರೆ ಊರ ನಾಯಿಯ ಮರಿಯೇ ಏಕೆ? ಇಲ್ಲಿಯ ಬಿಸಿಲು ಮಳೆಗಳಲ್ಲಿ ಬದುಕಿ ಉಳಿದ ಪೀಳಿಗೆ ಅದು. ಗಿಡ್ಡ ಕೂದಲು, ಉದ್ದ ಮೂತಿ, ಹದಿನೈದು ಇಪ್ಪತ್ತು ಕಿಲೋದ ಹದವಾದ ಮೈ. ನಾಲ್ಕು ತಿಂಗಳ ಮಳೆಗಾಲದಲ್ಲಿ ಬೇಗ ಒಣಗುತ್ತದೆ, ಮೈಮೇಲಿನ ಉಣ್ಣಿ ಬೇಗ ಕಣ್ಣಿಗೆ ಬೀಳುತ್ತದೆ. ಚುರುಕು ಬುದ್ಧಿ, ಅನ್ನ ಹಾಕಿದವರನ್ನು ಮರೆಯದು. 2025ರ ಆಗಸ್ಟ್ 22ರ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವೂ, ಬೀದಿನಾಯಿಯನ್ನು ದತ್ತು ಪಡೆಯಲು ನಗರಪಾಲಿಕೆಗೆ ಅರ್ಜಿ ಹಾಕಬಹುದು, ಪಡೆದ ನಾಯಿ ಮರಳಿ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದು ಹೇಳಿದೆ. ನಮ್ಮ ಮನೆಗೆ ಬಂದ ಪ್ರತಿಯೊಂದು ಮರಿಯಿಂದ ರಸ್ತೆಯ ಮೇಲಿನ ನಾಯಿಗಳಲ್ಲಿ ಒಂದು ಕಡಿಮೆಯಾಗುತ್ತದೆ.

“ಕಂತ್ರಿ ನಾಯಿ ಕಚ್ಚುತ್ತದೆ, ಹುಚ್ಚು ಹಿಡಿಯುತ್ತದೆ” ಎಂಬುದು ದೊಡ್ಡ ಆಕ್ಷೇಪ. ಹುಚ್ಚುನಾಯಿ ರೋಗ ಜಾತಿ ನೋಡಿ ಬರುವುದಿಲ್ಲ. ಲಸಿಕೆ ಇಲ್ಲದ ಯಾವ ನಾಯಿಗಾದರೂ ಅದು ಬಂದೀತು, ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವ ಆಸೆ ಇಲ್ಲವೆಂದೇ ಹೇಳಬೇಕು. ಬೀದಿಯಲ್ಲೇ ಬೆಳೆದ, ಅಂಜಿದ ದೊಡ್ಡ ನಾಯಿಯನ್ನು ಎಳೆದು ತನ್ನಿ ಎಂದು ನಾನು ಹೇಳುತ್ತಿಲ್ಲ. ತಾಯಿಯ ಹಾಲು ಬಿಟ್ಟ, ಎರಡು ತಿಂಗಳು ತುಂಬಿದ ಮರಿಯನ್ನು ಆರಿಸಿ. ಕರೆದರೆ ಬರುವ, ಎತ್ತಿಕೊಂಡರೆ ಸುಮ್ಮನಿರುವ ಮರಿ ಒಳ್ಳೆಯದು. ಮೊದಲ ದಿನವೇ ವೈದ್ಯರಿಗೆ ತೋರಿಸಿ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರುಮಾಡಿಸಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಬಳಿಕ ವೈದ್ಯರು ಹೇಳಿದಂತೆ ವರ್ಷವರ್ಷ. ಬೆಳೆದ ಮೇಲೆ ಸಂತಾನಹರಣ ಶಸ್ತ್ರಕ್ರಿಯೆ. ಮಹಾನಗರಪಾಲಿಕೆಯ ಪರವಾನಗಿ ಮರೆಯಬೇಡಿ. ಯಾವ ನಾಯಿಯೇ ಕಚ್ಚಲಿ, ಪರಚಲಿ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಓಡಬೇಕೆಂಬುದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಹುಡುಗರಿಗೆ ಪ್ರಿಯವಾದ ರಾಟ್‌ವೈಲರ್, ಪಿಟ್‌ಬುಲ್‌ಗಳ ಹೆಸರೇ ಎತ್ತಬೇಡಿ. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಇಂತಹ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟು, ಸಂಬಂಧಪಟ್ಟವರ ಅಭಿಪ್ರಾಯ ಕೇಳಲಿಲ್ಲವೆಂದು ಅದನ್ನು ರದ್ದುಮಾಡಿತು. ರದ್ದಾದದ್ದು ಸುತ್ತೋಲೆ, ನಾಯಿಯ ದವಡೆಯಲ್ಲ. ಸಾಕಿದ ಪ್ರಾಣಿಯ ವಿಷಯದಲ್ಲಿ ಅಲಕ್ಷ್ಯ ತೋರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ, ಐದು ಸಾವಿರದವರೆಗೆ ದಂಡವಿದೆ. ಇತ್ತ ಸೊಸೈಟಿಯವರೂ ತಿಳಿದಿರಲಿ: ನಾಯಿ ಸಾಕುವುದನ್ನೇ ನಿಷೇಧಿಸುವ, ಲಿಫ್ಟ್ ಹತ್ತಬಾರದೆನ್ನುವ ಠರಾವು ಸಲ್ಲದೆಂದು ಪ್ರಾಣಿಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. ಹಾಗೆಂದು ಮೆಟ್ಟಿಲ ಮೇಲೆ ನಾಯಿ ಮಾಡಿದ ಹೊಲಸನ್ನು ಜಾಡಮಾಲಿಗೆ ಬಿಡುವುದು ನಮ್ಮ ಹಕ್ಕಲ್ಲ.

ಕೊನೆಗೆ ಒಂದು ಪರೀಕ್ಷೆ ಸೂಚಿಸುತ್ತೇನೆ, ಖರ್ಚಿಲ್ಲದ್ದು. ನಾಯಿ ಬೇಕೆನ್ನುವ ಮಗನ, ಮಗಳ ಕೈಗೆ ಒಂದು ಖಾಲಿ ಹಗ್ಗ ಕೊಡಿ. ಒಂದು ತಿಂಗಳು, ಬೆಳಿಗ್ಗೆ ಆರಕ್ಕೆ ಅರ್ಧ ಗಂಟೆ, ರಾತ್ರಿ ಊಟದ ಮೊದಲು ಅರ್ಧ ಗಂಟೆ, ಮಳೆ ಬರಲಿ, ಯೂನಿಟ್ ಟೆಸ್ಟ್ ಬರಲಿ, ಆ ಹಗ್ಗ ಹಿಡಿದು ಸೊಸೈಟಿಯ ಸುತ್ತ ತಿರುಗಿ ಬರಲಿ. ಮೂವತ್ತು ದಿನವೂ ತಪ್ಪದಿದ್ದರೆ, ಹಗಲಲ್ಲಿ ಮನೆಯಲ್ಲಿ ಯಾರಾದರೂ ಇರುವುದಾದರೆ, ಮನೆಯಾಕೆ ಮನಸ್ಸಾರೆ ಒಪ್ಪಿದರೆ ಮರಿಯನ್ನು ತನ್ನಿ. ಗಂಡಹೆಂಡಿರಿಬ್ಬರೂ ಎಂಟರ ಫಾಸ್ಟ್ ಲೋಕಲ್ ಹಿಡಿದು ಸಂಜೆ ಏಳೂವರೆಗೆ ಬರುವ ಮನೆಗೆ ಯಾವ ನಾಯಿಯೂ ಬೇಡ. ಹನ್ನೊಂದೂವರೆ ಗಂಟೆ ಬೀಗದೊಳಗೆ ಒಂಟಿಯಾಗಿ ಕೂರುವುದು ನಾಯಿಗೆ ಸೆರೆವಾಸ. ಅಂಥ ಮನೆಯ ಮಕ್ಕಳು ಸೊಸೈಟಿಯ ಅಂಗಳದ ನಾಯಿಗೆ ಗೊತ್ತಾದ ಜಾಗದಲ್ಲಿ ಅನ್ನ ಹಾಕಲಿ, ಅದಕ್ಕೆ ಲಸಿಕೆ ಹಾಕಿಸಲು ಓಡಾಡಲಿ. ಇಂಥ ಜಾಗ ಗೊತ್ತುಮಾಡಿಕೊಡಬೇಕೆಂದು 2023ರ ನಿಯಮಗಳು ನಿವಾಸಿಗಳ ಸಂಘಗಳಿಗೆ ಹೇಳಿವೆ.

ದುಡ್ಡು ಕೊಟ್ಟು ತಂದ ಜಾತಿ ನಾಯಿ ಬೇಸರವಾದ ಮೇಲೆ ಹೈವೇಯ ಬದಿಯಲ್ಲಿ ಇಳಿದುಹೋದರೆ, ಅದನ್ನು ನೋಡಿದ ಹದಿನಾರರ ಮಗ ಕಲಿಯುವುದು ಒಂದೇ ಪಾಠ: ಬೇಡವಾದ ಜೀವವನ್ನು ಬಿಟ್ಟುಬರಬಹುದು ಎಂದು. ನಾಳೆ ನಾವು ಮುದುಕರಾದಾಗ ಅವನು ಆ ಪಾಠವನ್ನು ನೆನಪಿಟ್ಟುಕೊಂಡಿರುತ್ತಾನೆ ಎಂಬುದನ್ನು ತಂದೆತಾಯಿಗಳು ಮರೆಯದಿರಲಿ.