ಮಾಸ್ತಿಕಟ್ಟೆಯ ಘಟ್ಟ, ಮಲ್ಪೆಯ ಕಲ್ಲು

ಶಾಲಾ ಪ್ರವಾಸದ ಒಪ್ಪಿಗೆ ಪತ್ರ ಮನೆಗೆ ಬಂದಾಗ ತಾಯಂದಿರ ಮುಖ ನೋಡಬೇಕು. ಮಗಳು ಕುಣಿಯುತ್ತಿರುತ್ತಾಳೆ, ಅಮ್ಮ ಪೆನ್ನು ಹಿಡಿದು ಕೂತಿರುತ್ತಾರೆ. ಮಾಸ್ತಿಕಟ್ಟೆಯ ಒಬ್ಬ ತಾಯಿ ಈಚೆಗೆ ನನ್ನನ್ನು ತಡೆದು ಕೇಳಿದರು: "ಮಲ್ಪೆಗೆ ಕರ್ಕೊಂಡು ಹೋಗ್ತಾರಂತೆ, ಅಲ್ಲಿಂದ ದೋಣಿಯಲ್ಲಿ ಅದೆಂಥದೋ ಸೇಂಟ್ ಮೇರೀಸ್ ದ್ವೀಪಕ್ಕೆ. ಅಲ್ಲಿ ನೋಡೋದೇನು ಮಾರಾಯ್ರೇ, ಕಲ್ಲು ಮತ್ತು ನೀರು. ನಮ್ಮಲ್ಲಿ ಇಲ್ಲದ ಕಲ್ಲಾ, ನಮ್ಮಲ್ಲಿ ಇಲ್ಲದ ನೀರಾ? ಸಹಿ ಹಾಕ್ಲೋ ಬೇಡ್ವೋ, ನೀವೇ ಹೇಳಿ."

ಅವರ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಹೋಗಿ ನೋಡುವಂಥದ್ದು ಅಲ್ಲಿ ಏನಾದರೂ ಇದೆಯೇ ಎಂಬುದು ಒಂದು. ಹೋದ ಮಗು ಕ್ಷೇಮವಾಗಿ ಬಂದೀತೇ ಎಂಬುದು, ಬಾಯಿಬಿಟ್ಟು ಕೇಳದೆ ಉಳಿಸಿಕೊಂಡದ್ದು, ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಹೌದು, ಆ ಕಲ್ಲು ನಮ್ಮಲ್ಲಿಲ್ಲ. ಆ ನೀರೂ ನಮ್ಮಲ್ಲಿಲ್ಲ. ನೀರಿನ ವಿಷಯಕ್ಕೆ ಆಮೇಲೆ ಬರೋಣ.

ಜ್ವಾಲಾಮುಖಿಯ ದ್ವೀಪ ಎಂದರೆ ಮಕ್ಕಳ ಕಣ್ಣಿಗೆ ಕಟ್ಟುವುದು ಹವಾಯಿ, ಬಾಲಿ, ಇಲ್ಲವೇ ಟೀವಿಯಲ್ಲಿ ಕಂಡ ಕೆಂಡದ ಹೊಳೆ. ನಮ್ಮ ದೇಶದ್ದೇ ಆದ ಬ್ಯಾರನ್ ದ್ವೀಪ ಅಂಡಮಾನಿನಲ್ಲಿದೆ. ನೂರೈವತ್ತಕ್ಕೂ ಹೆಚ್ಚು ವರ್ಷ ತಣ್ಣಗಿದ್ದು 1991ರಲ್ಲಿ ಮತ್ತೆ ಎದ್ದಿತು. ಅಲ್ಲಿಗೆ ಹೋಗುವುದು ನಮ್ಮ ನಿಮ್ಮ ಕೈಯಲ್ಲಿ ಆಗುವಂಥದ್ದಲ್ಲ. ಆದರೆ ಮಾಸ್ತಿಕಟ್ಟೆಯಲ್ಲಿ ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲೇ ಕಾಲಿಡಬಹುದಾದ ಜ್ವಾಲಾಮುಖಿಯ ದ್ವೀಪವೊಂದು ಇದೆ ಎಂದರೆ ಎಷ್ಟೋ ಮನೆಗಳಲ್ಲಿ ನಂಬುವುದಿಲ್ಲ.

ಒಂದು ಬಸ್ಸು ತುಂಬ ಮಕ್ಕಳು, ನಾಲ್ಕಾರು ಅಪ್ಪ ಅಮ್ಮಂದಿರು, ಮೂವರು ಮೇಷ್ಟ್ರು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಪ್ರವಾಸ ದ್ವೀಪದಲ್ಲಿ ಶುರುವಾಗುವುದಿಲ್ಲ, ಹುಲಿಕಲ್ ಘಾಟಿಯಲ್ಲೇ ಶುರುವಾಗುತ್ತದೆ. ಇದನ್ನು ಮೇಷ್ಟ್ರು ಬಸ್ಸಿನಲ್ಲೇ ಹೇಳಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಘಟ್ಟವಿಡೀ ಅಂತ್ಯಾಕ್ಷರಿಯಲ್ಲಿ ಕಳೆದುಹೋಗುತ್ತದೆ. ನಾವು ಓಡಾಡುವ ಈ ಮಲೆನಾಡಿನ ತಳದ ಕಲ್ಲು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನ ಸಂಜೆ ಹತ್ತಿ ಕೂರುವ ಬಂಡೆಯೂ ಇದೇ ಪ್ರಾಚೀನ ಬಳಗದ್ದು. ಅಷ್ಟು ಹಳೆಯ ನೆಲ ಘಟ್ಟದ ಅಂಚಿನಲ್ಲಿ ಒಮ್ಮೆಗೇ ಕಡಿದುಹೋದಂತೆ ಕೆಳಗಿಳಿಯುತ್ತದೆ. ಮಾಣಿ ಅಣೆಕಟ್ಟಿನಲ್ಲಿ ನಿಂತ ವಾರಾಹಿಯ ನೀರು ನಾನೂರೈವತ್ತು ಮೀಟರಿನಷ್ಟು ಕೆಳಗೆ, ಹೊಸಂಗಡಿಯ ಬಳಿ ಬೆಟ್ಟದ ಹೊಟ್ಟೆಯೊಳಗಿನ ವಿದ್ಯುದಾಗಾರಕ್ಕೆ ಧುಮುಕಿ 460 ಮೆಗಾವಾಟ್ ವಿದ್ಯುತ್ ಕೊಡುತ್ತದೆ. ಮೊದಲ ಘಟಕ 1989ರಲ್ಲಿ ಓಡಿತು, ಕೊನೆಯ ಎರಡು 2009ರಲ್ಲಿ. ಬಸ್ಸಿನಲ್ಲಿದ್ದ ಮಕ್ಕಳಲ್ಲಿ ಹಲವರ ಅಪ್ಪಂದಿರು ಅಲ್ಲಿಯೇ ಕೆಲಸಕ್ಕೆ ಹೋಗುವವರು. "ನಿಮ್ಮಪ್ಪ ಕರೆಂಟು ಮಾಡುವುದು ನೀರಿನಿಂದಲೋ ಎತ್ತರದಿಂದಲೋ?" ಎಂದು ಮೇಷ್ಟ್ರು ಕೇಳಿದರು. ಬಸ್ಸು ಎರಡು ಪಕ್ಷವಾಯಿತು. ಈ ಎತ್ತರ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಅವರು ಅಲ್ಲೇ ಬಿಟ್ಟು, ಉತ್ತರ ದ್ವೀಪದಲ್ಲಿದೆ ಎಂದರು.

ಹೊಸಂಗಡಿ, ಸಿದ್ದಾಪುರ ದಾಟಿ, ಹೆದ್ದಾರಿ ಹಿಡಿದು, ಮಲ್ಪೆ ಬಂದರು. ಮೀನಿನ ವಾಸನೆಗೆ ಘಟ್ಟದ ಮೇಲಿನ ಮೂಗುಗಳು ಒಂದಷ್ಟು ಹೊತ್ತು ಮುಚ್ಚಿಕೊಂಡವು. ಕಡಲಲ್ಲಿ ಆರು ಕಿಲೋಮೀಟರಿನಷ್ಟು ದೂರ, ಅರ್ಧ ಗಂಟೆಯ ದೋಣಿ ಪ್ರಯಾಣ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಆದ್ದರಿಂದ ಚಳಿಗಾಲವೇ ಸರಿ. ಸೇಂಟ್ ಮೇರೀಸ್ ಎನ್ನುವುದು ಒಂದೇ ದ್ವೀಪವಲ್ಲ, ನಾಲ್ಕರ ಸಾಲು. ಜನ ಇಳಿಯುವುದು ತೆಂಗಿನ ಮರಗಳಿರುವ ದ್ವೀಪದಲ್ಲಿ. ಊರಿನವರು ಇದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ವಾಸ್ಕೋ ಡ ಗಾಮ 1498ರಲ್ಲಿ ಕೋಳಿಕ್ಕೋಡಿನಿಂದ ಮರಳುವಾಗ ಈ ಕರಾವಳಿಯ ದ್ವೀಪವೊಂದರಲ್ಲಿ ಕಂಬ ನೆಟ್ಟು ಮೇರಿ ಮಾತೆಯ ಹೆಸರಿಟ್ಟ ಎಂಬ ಕಥೆ ಎಲ್ಲ ಗೈಡುಗಳ ಬಾಯಲ್ಲೂ ಇದೆ. ಇರಲಿ. ಅವನು ನೆಟ್ಟ ಕಂಬಕ್ಕಿಂತ ಅಲ್ಲಿ ಮೊದಲೇ ನಿಂತಿದ್ದ ಕಂಬಗಳು ನನಗೆ ಹೆಚ್ಚು ದೊಡ್ಡ ಸುದ್ದಿ.

ಇಳಿದ ಕೂಡಲೇ ಒಬ್ಬ ಹುಡುಗ ಕೇಳಿದ: "ಸಾರ್, ಬಾಯಿ ಎಲ್ಲಿದೆ?" ಜ್ವಾಲಾಮುಖಿಯ ಬಾಯಿ! ಪಾಪ, ಅವನಿಗೆ ನಿರಾಸೆಯಾಯಿತು. ಇಲ್ಲಿ ಬಾಯಿಯೂ ಇಲ್ಲ, ಹೊಗೆಯೂ ಇಲ್ಲ, ಬೆಟ್ಟವೂ ಇಲ್ಲ. ಎಂದೋ ಹರಿದು ಹೆಪ್ಪುಗಟ್ಟಿದ ಲಾವಾದ ಒಂದು ಚೂರು ಮಾತ್ರ ಕಡಲು ತಿಂದು ಉಳಿದಿದೆ. ಆದರೆ ಆ ಚೂರು ಹೇಗಿದೆ ನೋಡಿ: ಯಾರೋ ಬಡಗಿ ಅಳತೆ ಹಿಡಿದು ಕೊರೆದಂತೆ ಐದು ಮೂಲೆಯ, ಆರು ಮೂಲೆಯ, ಏಳು ಮೂಲೆಯ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತಿವೆ. ಕೆಲವು ನೆಲಮಟ್ಟದಲ್ಲಿ ಹಾಸುಗಲ್ಲಿನಂತೆ, ಕೆಲವು ಆಳೆತ್ತರ ಮೀರಿ. ಮಕ್ಕಳಲ್ಲಿ ಅರ್ಧದಷ್ಟು ಜನ ಇದನ್ನು ಹಾಳಾದ ದೇವಸ್ಥಾನವೆಂದೇ ತಿಳಿದರು.

ಇದನ್ನು ವಿವರಿಸಲು ಮಲೆನಾಡಿನ ಮಕ್ಕಳಿಗೆ ಪುಸ್ತಕ ಬೇಡ. ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಗದ್ದೆ ಬಿರಿಯುವುದನ್ನು ಅವರು ನೋಡಿದ್ದಾರೆ. ಕೆಸರು ಒಣಗಿದಂತೆ ಕುಗ್ಗುತ್ತದೆ. ಕುಗ್ಗಲು ಜಾಗ ಬೇಕು, ಆದ್ದರಿಂದ ಬಿರುಕು ಬಿಡುತ್ತದೆ. ಬಿರುಕುಗಳು ಸೇರಿ ಮೂಲೆಗಳಾಗುತ್ತವೆ. ಲಾವಾ ಒಣಗುವುದಿಲ್ಲ, ಆರುತ್ತದೆ. ಆರುವಾಗ ಅದೂ ಕುಗ್ಗುತ್ತದೆ. ಮೇಲ್ಮೈಯಲ್ಲಿ ಮೊದಲು ಬಿರುಕು ಹುಟ್ಟಿ, ಒಳಗಿನ ಬಿಸಿ ಇಳಿದ ಹಾಗೆಲ್ಲ ನೇರವಾಗಿ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಗದ್ದೆಯ ಬಿರುಕು ಒಂದು ಗೇಣಿಗೆ ನಿಂತರೆ ಇಲ್ಲಿಯದು ಹಲವು ಮೀಟರ್ ಇಳಿದು ಕಂಬವಾಯಿತು. ಆರು ಮೂಲೆಯೇ ಏಕೆ? ಜೇನುಗೂಡನ್ನು ಕೇಳಿ. ಒಂದು ಜಾಗವನ್ನು ಸಂದಿಲ್ಲದೆ ಸಮಭಾಗ ಮಾಡಲು ಅತಿ ಕಡಿಮೆ ಗೋಡೆ ಸಾಕಾಗುವುದು ಆರು ಮೂಲೆಗೆ. ಬಿರುಕುಗಳೂ ಅದೇ ಉಳಿತಾಯದ ಕಡೆಗೆ ವಾಲುತ್ತವೆ. ನಿಧಾನವಾಗಿ ಆರಿದಲ್ಲಿ ಕಂಬ ದಪ್ಪ, ಬೇಗ ಆರಿದಲ್ಲಿ ಸಣ್ಣ. ಐರ್ಲೆಂಡಿನ ಉತ್ತರದ ಕಡಲಂಚಿನಲ್ಲಿ ಇಂಥ ಸುಮಾರು 40,000 ಕಂಬಗಳಿವೆ, ಅದನ್ನು ನೋಡಲು ಜಗತ್ತಿನ ಜನ ವಿಮಾನ ಹತ್ತುತ್ತಾರೆ. ನಮ್ಮದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ಆರಿ ದಿಂಬಿನಾಕಾರ ತಳೆದ ಲಾವಾಕ್ಕೂ ಇದೇ ಗೌರವ ಸಿಕ್ಕಿದೆ. ಅದನ್ನು ನೋಡಿದವರು ಎಷ್ಟು ಜನ?

ಒಂದು ಸಣ್ಣ ತಕರಾರು. ಅನೇಕ ಕಡೆ ಇದನ್ನು ಬಸಾಲ್ಟ್ ಎಂದು ಬರೆಯುತ್ತಾರೆ. ಪರೀಕ್ಷಿಸಿದವರು ಇದು ಬಸಾಲ್ಟಿಗಿಂತ ಹೆಚ್ಚು ಸಿಲಿಕಾ ಇರುವ, ರಯೋಲೈಟ್ ಮತ್ತು ಡೇಸೈಟ್ ಜಾತಿಯ ಕಲ್ಲು ಎನ್ನುತ್ತಾರೆ. ಸಿಲಿಕಾ ಹೆಚ್ಚಿದ್ದರೆ ಲಾವಾ ಜೋನಿಬೆಲ್ಲದಂತೆ ಅಂಟು, ದೂರ ಹರಿಯುವುದಿಲ್ಲ. ಹಾಗೆಯೇ, ಬೆಳಗಾವಿ ವಿಜಯಪುರದ ಕಡೆಯ ಕಪ್ಪುಗಲ್ಲಿಗೂ ಇದಕ್ಕೂ ಗಂಟು ಹಾಕಬೇಡಿ. ಆ ದಖನ್ನಿನ ಲಾವಾಕ್ಕೆ ಆರೂವರೆ ಕೋಟಿ ವರ್ಷ ವಯಸ್ಸು. ಮಲ್ಪೆಯದು ಅದಕ್ಕೆ ಅಣ್ಣ, ಸುಮಾರು ಒಂಬತ್ತು ಕೋಟಿ ವರ್ಷ.

ಒಂಬತ್ತು ಕೋಟಿ ವರ್ಷದ ಹಿಂದೆ ಇಲ್ಲಿ ಏನಾಗುತ್ತಿತ್ತು? ಮಲ್ಪೆಯ ಎದುರಿಗೆ ಕಡಲಿರಲಿಲ್ಲ. ನೆಲವಿತ್ತು, ಅದು ಮಡಗಾಸ್ಕರ್. ಭಾರತವೂ ಮಡಗಾಸ್ಕರವೂ ಕೂಡು ಕುಟುಂಬದಂತೆ ಒಂದೇ ನೆಲವಾಗಿದ್ದವು. ಆ ನೆಲದ ಕೆಳಗೆ ಭೂಗರ್ಭದ ಒಂದು ಬಿಸಿ ಕೇಂದ್ರವಿತ್ತು. ನೆಲ ಕಾದು, ಹಿಗ್ಗಿ, ಸೀಳಿತು. ಸೀಳಿನಲ್ಲಿ ಲಾವಾ ಉಕ್ಕಿತು. ಅದರ ಒಂದು ತುಣುಕು ನಮ್ಮ ಪಾಲಿಗೆ ಈ ದ್ವೀಪವಾಗಿ ಬಂತು. ಮಡಗಾಸ್ಕರದ ಪೂರ್ವ ಕರಾವಳಿಯಲ್ಲಿ ಅದೇ ಕಾಲದ ಲಾವಾ ಇಂದಿಗೂ ಇದೆ. ಪಾಲಾದ ಮನೆಯಲ್ಲಿ ಒಂದೇ ಜೋಡಿಯ ತಂಬಿಗೆಗಳು ಆಚೆಗೊಂದು ಈಚೆಗೊಂದು ಉಳಿಯುವುದಿಲ್ಲವೇ, ಹಾಗೆ. ಆ ಬಿಸಿ ಕೇಂದ್ರ ಈಗ ದಕ್ಷಿಣ ಆಫ್ರಿಕಾದಿಂದಲೂ ಕೆಳಗೆ, ಮರಿಯನ್ ಎಂಬ ದ್ವೀಪದ ಅಡಿಯಲ್ಲಿದೆ ಎಂದು ಗುರುತಿಸಿದ್ದಾರೆ. 1980ರಲ್ಲಿ ಅಲ್ಲಿ ಜ್ವಾಲಾಮುಖಿ ಉಗುಳಿತ್ತು. ಒಲೆ ಉರಿಯುತ್ತಲೇ ಇದೆ, ಕಾವಲಿ ಮುಂದೆ ಸರಿದುಹೋಯಿತು ಅನ್ನಿ.

ಈಗ ಮೇಷ್ಟ್ರು ಘಟ್ಟದಲ್ಲಿ ಬಿಟ್ಟ ಪ್ರಶ್ನೆ. ಹೀಗೆ ಸೀಳಿದ ನೆಲದ ಅಂಚೇ ನಮ್ಮ ಪಶ್ಚಿಮ ಕರಾವಳಿ. ಆ ಅಂಚು ಮೇಲೆದ್ದು, ಮಳೆ ಹೊಳೆಗಳು ಅದನ್ನು ಕೊರೆಯುತ್ತಾ ಪೂರ್ವಕ್ಕೆ ಸರಿಸಿ ಸಹ್ಯಾದ್ರಿಯ ಕಡಿದಾದ ಗೋಡೆಯಾಯಿತು ಎಂಬುದು ಭೂವಿಜ್ಞಾನಿಗಳಲ್ಲಿ ಬಹಳ ಮಂದಿ ಒಪ್ಪುವ ವಿವರಣೆ. ಅಂದರೆ ವಾರಾಹಿಗೆ ಧುಮುಕಲು ಎತ್ತರ ಕೊಟ್ಟ ಕಥೆ, ಮಲ್ಪೆಯ ಕಂಬಗಳನ್ನು ನಿಲ್ಲಿಸಿದ ಕಥೆ, ಎರಡೂ ಶುರುವಾಗುವುದು ಆ ಒಂದು ಸೀಳಿನಿಂದ. ಇಷ್ಟು ಹೇಳಿದಾಗ, ಅದುವರೆಗೆ ಚಿಪ್ಪು ಹೆಕ್ಕುತ್ತಿದ್ದ ಹುಡುಗಿಯೊಬ್ಬಳು ತಲೆಯೆತ್ತಿ ಪೂರ್ವದ ಕಡೆ, ನಾವು ಇಳಿದು ಬಂದ ನೀಲಿ ಬೆಟ್ಟಗಳ ಕಡೆ ನೋಡಿದಳು. ಅವಳು ನೋಡಿದ ಆ ಒಂದು ನೋಟಕ್ಕೆ ಬಸ್ಸಿನ ಬಾಡಿಗೆ ಸಂದಿತು ಎಂದು ನನ್ನ ಲೆಕ್ಕ.

ಇನ್ನು ನೀರಿನ ಮಾತು. 2022ರ ಏಪ್ರಿಲಿನಲ್ಲಿ ಇದೇ ದ್ವೀಪದಲ್ಲಿ ಬಂಡೆಗಳ ಬಳಿ ಕೇರಳದ ಕಾಲೇಜು ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ತೀರಿಕೊಂಡರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಹೋದರು. ಇದನ್ನು ಬರೆಯದೆ ಕಲ್ಲಿನ ಚೆಂದ ಮಾತ್ರ ಬರೆದರೆ ಆ ತಾಯಿಗೆ ಮೋಸ ಮಾಡಿದಂತೆ.

ಘಟ್ಟದ ಮೇಲಿನ ಮಕ್ಕಳಿಗೆ ಒಂದು ವಿಶೇಷ ಅಪಾಯವಿದೆ. ಅವರಿಗೆ ಈಜು ಬರುತ್ತದೆ. ಹೊಳೆಯ ಗುಂಡಿಯಲ್ಲಿ, ಕೆರೆಯಲ್ಲಿ ಈಜಿ ಬೆಳೆದವರಿಗೆ ನೀರಿನ ಭಯ ಕಡಿಮೆ. ಆದರೆ ಕಡಲಿನ ಲೆಕ್ಕ ಬೇರೆ. ದಡಕ್ಕೆ ಬಂದ ನೀರು ಹಿಂದಿರುಗುವಾಗ ಕಾಲಡಿಯ ಮರಳನ್ನೂ ನಿಂತವರನ್ನೂ ಎಳೆಯುತ್ತದೆ. ಹತ್ತು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡದು ಹೇಳದೆ ಕೇಳದೆ ಬರುತ್ತದೆ. ಈ ದ್ವೀಪದಲ್ಲಂತೂ ಅಲೆ ಬಡಿಯುವ ಬದಿಯ ಕಂಬಗಳ ಮೇಲೆ ಪಾಚಿ, ಸಂದಿಗಳಲ್ಲಿ ಬ್ಲೇಡಿನಂಥ ಚಿಪ್ಪು. ನಮ್ಮ ದೋಣಿಯವರು ಒಂದೇ ಮಾತು ಹೇಳಿದರು: "ಆ ಬದಿಗೆ ಹೋಗ್ಬೇಡಿ ಮಕ್ಳೇ, ಪಾಚಿ ಉಂಟು. ಜಾರಿದ್ರೆ ಹಿಡ್ಕೊಳ್ಳಿಕ್ಕೆ ಏನೂ ಸಿಗುದಿಲ್ಲ." ಫೋಟೋ ಚೆನ್ನಾಗಿ ಬರುವುದೂ, ದುರದೃಷ್ಟಕ್ಕೆ, ಅದೇ ಬದಿಯಲ್ಲಿ.

ಆದ್ದರಿಂದ ಪಾಲಕರೇ, ಸಹಿ ಹಾಕುವ ಮೊದಲು ಶಾಲೆಗೆ ಹೋಗಿ ಕೇಳಿ. ಕೇಳುವುದು ಅಪಮಾನವಲ್ಲ, ಒಳ್ಳೆಯ ಮೇಷ್ಟ್ರಿಗೆ ಅದರಿಂದ ಬಲ ಬರುತ್ತದೆ. ಎಷ್ಟು ಮಕ್ಕಳಿಗೆ ಒಬ್ಬ ಮೇಷ್ಟ್ರು? ಹೆಣ್ಣುಮಕ್ಕಳ ಜೊತೆ ಟೀಚರ್ ಯಾರು? ದೋಣಿಯಲ್ಲಿ ಪ್ರತಿ ಮಗುವಿಗೂ ಅದರ ಅಳತೆಯ ಲೈಫ್ ಜಾಕೆಟ್ ಇದೆಯೇ, ಇಲ್ಲವೆಂದರೆ ದೋಣಿ ಹತ್ತದೆ ವಾಪಸು ಬರುವ ಧೈರ್ಯ ಇದೆಯೇ? ಕಡಲಿಗೆ ಇಳಿಸುತ್ತೀರಾ? ಈ ಕೊನೆಯದಕ್ಕೆ "ಮೊಣಕಾಲವರೆಗೆ ಮಾತ್ರ" ಎಂದು ಉತ್ತರ ಬಂದರೆ ನಾನಾದರೆ ಸಹಿ ಹಾಕುವುದಿಲ್ಲ. ಅಷ್ಟು ಮಕ್ಕಳ ಮೊಣಕಾಲನ್ನು ಏಕಕಾಲಕ್ಕೆ ಅಳೆಯುವವರು ಯಾರು? ಇಳಿಯುವುದೇ ಇಲ್ಲ, ನೋಡಿ ಬರುತ್ತೇವೆ ಎಂದರೆ ಧೈರ್ಯವಾಗಿ ಕಳಿಸಿ. ನಮ್ಮ ಗುಂಪಿನಲ್ಲಿ ನಾಲ್ಕು ನಾಲ್ಕು ಮಕ್ಕಳಿಗೆ ಒಂದು ತಂಡ ಮಾಡಿ, ಒಬ್ಬರಿಗೆ ಅಳತೆಪಟ್ಟಿ, ಒಬ್ಬರಿಗೆ ನೋಟು ಪುಸ್ತಕ ಕೊಟ್ಟಿದ್ದರು. ಯಾವ ಕಂಬಕ್ಕೆ ಎಷ್ಟು ಮೂಲೆ, ಎಷ್ಟು ಅಗಲ ಎಂದು ಬರೆಯಬೇಕು. ಮಾಡಲು ಕೆಲಸವಿದ್ದ ಮಗು ನೀರಿನ ಕಡೆ ಓಡುವುದು ಕಡಿಮೆ ಎಂಬುದನ್ನು ಅಲ್ಲಿ ಕಂಡೆ. ಕಲ್ಲು ಒಡೆದು ತರುವಂತಿಲ್ಲ, ಹೆಸರು ಗೀಚುವಂತಿಲ್ಲ ಎಂಬುದನ್ನೂ ಮೊದಲೇ ಹೇಳಿದ್ದರು. ಕುಡಿಯುವ ನೀರು, ಟೊಪ್ಪಿ ಮನೆಯಿಂದಲೇ ತೆಗೆದುಕೊಂಡು ಹೋಗಿ. ಬಿಸಿಲಿಗೆ ಕಲ್ಲು ಕಾದಿರುತ್ತದೆ, ಚಪ್ಪಲಿಗಿಂತ ಶೂ ವಾಸಿ.

ಮರಳುವಾಗ ಬಸ್ಸಿನಲ್ಲಿ ಒಂದು ಲೆಕ್ಕ ನಡೆಯಿತು, ನೀವೂ ಮನೆಯಲ್ಲಿ ಮಾಡಿ ನೋಡಿ. ಮಲ್ಪೆಯಿಂದ ಮಡಗಾಸ್ಕರದ ಪೂರ್ವ ತೀರಕ್ಕೆ ಈಗ ಸುಮಾರು 4,400 ಕಿಲೋಮೀಟರ್. ಸೆಂಟಿಮೀಟರಿಗೆ ತಂದರೆ 44 ಕೋಟಿ. ಅದನ್ನು 9 ಕೋಟಿ ವರ್ಷದಿಂದ ಭಾಗಿಸಿದರೆ ವರ್ಷಕ್ಕೆ ಹೆಚ್ಚುಕಡಿಮೆ 5 ಸೆಂಟಿಮೀಟರ್, ಬೆರಳಿನ ಉಗುರು ಬೆಳೆಯುವುದಕ್ಕಿಂತ ತುಸು ವೇಗ. ಇದು ಸರಾಸರಿ ಮಾತ್ರ, ನಡುವೆ ಭಾರತ ಇದರ ಮೂರು ಪಟ್ಟು ಜೋರಾಗಿ ಓಡಿದ ಕಾಲವೂ ಇತ್ತು. ಆರನೇ ತರಗತಿಯ ಹುಡುಗನೊಬ್ಬ ಸ್ಕೇಲಿನ ಮೇಲೆ ಬೆರಳಿಟ್ಟು ತನ್ನ ಹನ್ನೊಂದು ವರ್ಷಕ್ಕೆ ಐವತ್ತೈದು ಸೆಂಟಿಮೀಟರ್ ಲೆಕ್ಕ ಹಾಕಿದ. ಆಮೇಲೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಜ್ಜನನ್ನು ಎಬ್ಬಿಸಿ, ಅವರಿಗೆಷ್ಟು ವಯಸ್ಸು ಎಂದು ಕೇಳತೊಡಗಿದ.