ಇಂಪೋರ್ಟ್ ಆದ ಮಾತ್ರಕ್ಕೆ ಮುಗೀತಾ?

ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಒಂದು ಕೆಟ್ಟ ಅಭ್ಯಾಸ ಇದೆ. ಯಾರೋ ಕಟ್ಟಿಟ್ಟ ಸಿದ್ಧ ಪ್ಯಾಕೇಜನ್ನು ಕ್ಲೌಡಿಗೆ ಏರಿಸುವುದು, ಲಾಗಿನ್ ಪುಟ ಕಂಡ ಕೂಡಲೇ "ಕೆಲಸ ಮುಗೀತು ಸಾರ್" ಅಂತ ಬಿಲ್ ಕೊಡುವುದು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಸಣ್ಣ ಅಂಗಡಿಗಳಲ್ಲಿ ನಾನು ಇದನ್ನು ಸಾಕಷ್ಟು ನೋಡಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಓವಿಎ ಅನ್ನೋದು ದೊಡ್ಡ ಬ್ರಹ್ಮವಿದ್ಯೆ ಅಲ್ಲ, ಒಂದು ಟಾರ್ ಫೈಲು ಅಷ್ಟೇ. ಎಷ್ಟು ಮೆಮೊರಿ, ಎಂಥ ನೆಟ್‌ವರ್ಕ್ ಬೇಕು ಅಂತ ಹೇಳುವ ಓವಿಎಫ್ ಕಡತ, ಆಪರೇಟಿಂಗ್ ಸಿಸ್ಟಂನಿಂದ ಹಿಡಿದು ಡೇಟಾಬೇಸ್‌ವರೆಗೆ ಎಲ್ಲಾ ತುಂಬಿದ ಡಿಸ್ಕು ಅದರೊಳಗೆ ಇರುತ್ತವೆ. ಕ್ಲೌಡ್ ತಂತ್ರಾಂಶದಲ್ಲಿ ಫೈಲ್ ತೋರಿಸಿ, ನೆಟ್‌ವರ್ಕು, ಸ್ಟೋರೇಜು ಆರಿಸಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿದರೆ ಮೆಷಿನ್ ಎದ್ದು ಕೂರುತ್ತದೆ.

ಆದರೆ ಅದನ್ನು ಕಟ್ಟಿದವನಿಗೆ ಗುಬ್ಬಿ ಎಲ್ಲಿದೆ ಅಂತ ಏನು ಗೊತ್ತು? ಅವನು ಗಡಿಯಾರವನ್ನು ಯುಟಿಸಿಗೆ ಇಟ್ಟಿರುತ್ತಾನೆ, ನಮಗಿಂತ 5 ಗಂಟೆ 30 ನಿಮಿಷ ಹಿಂದೆ. ಅದನ್ನು ಬದಲಿಸದಿದ್ದರೆ ಏಪ್ರಿಲ್ 1ರ ಬೆಳಗಿನ ಜಾವ 5ಕ್ಕೆ ಹಾಕಿದ ಬಿಲ್ಲು ಮಾರ್ಚ್ 31ರ ಲೆಕ್ಕಕ್ಕೆ, ಅಂದರೆ ಹಿಂದಿನ ಹಣಕಾಸು ವರ್ಷಕ್ಕೆ ಹೋಗಿ ಕೂರಬಹುದು. ಆಡಿಟರ್ ಹತ್ತಿರ ಬೈಸಿಕೊಳ್ಳೋದು ಅಂಗಡಿಯವರು.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಕನ್ನಡದ ವಿಷಯಕ್ಕೆ. ಗುಬ್ಬಿಯ ಪರಿಚಯದವರೊಬ್ಬರ ಅಂಗಡಿಯಲ್ಲಿ ಪರದೆ ಮೇಲೆ ಕನ್ನಡ ಚೆನ್ನಾಗೇ ಕಾಣುತ್ತಿತ್ತು, ಪಿಡಿಎಫ್ ರಸೀದಿಯಲ್ಲಿ ಮಾತ್ರ ಬರೀ ಚೌಕ ಚೌಕ ಡಬ್ಬಿಗಳು. ಹಾಕಿಕೊಟ್ಟವರನ್ನು ಕೇಳಿದರೆ "ಪ್ಯಾಕೇಜೇ ಹಂಗೆ ಸಾರ್, ಇಂಗ್ಲಿಷಲ್ಲೇ ಹೊಡ್ಕೊಳ್ಳಿ" ಅಂದರಂತೆ! ಕಾರಣ ಸರಳ. ಪರದೆಗೆ ನಮ್ಮ ಕಂಪ್ಯೂಟರಿನ ಫಾಂಟ್ ಸಾಕು, ಆದರೆ ಪಿಡಿಎಫ್ ತಯಾರಾಗೋದು ಸರ್ವರಿನಲ್ಲಿ. ಸೈಜು ಉಳಿಸಲು ಕಟ್ಟಿದವರು ಅಲ್ಲಿ ಕನ್ನಡ ಫಾಂಟೇ ಇಟ್ಟಿರಲಿಲ್ಲ. ಡೆಬಿಯನ್ ಭಂಡಾರದಲ್ಲಿ ಲೋಹಿತ್ ಇದೆ, ನವಿಲು ಇದೆ, 'ಗುಬ್ಬಿ' ಅನ್ನೋ ಹೆಸರಿನ ಕನ್ನಡ ಫಾಂಟೂ ಇದೆ :-) ಒಂದು ಕಮಾಂಡು, ಎರಡು ನಿಮಿಷ. ಈ ಎರಡು ನಿಮಿಷ ಉಳಿಸೋಕೆ ಕನ್ನಡಾನೇ ಬಿಡಿ ಅನ್ನೋದಾ?

ಗುಬ್ಬಿ ವೀರಣ್ಣನವರ ಕಂಪನಿ ಊರೂರಲ್ಲಿ ಮೊಕ್ಕಾಂ ಹೂಡುತ್ತಿದ್ದಾಗಲೂ ಪರದೆ, ಪೋಷಾಕು ಎಲ್ಲಾ ಸಿದ್ಧವಾಗೇ ಬರುತ್ತಿದ್ದವು. ಹಾಗಂತ ಪೆಟ್ಟಿಗೆ ಇಳಿಸಿದ ತಕ್ಷಣ ನಾಟಕ ಶುರುವಾಗುತ್ತಿತ್ತೇ? ಆಯಾ ಊರಿನ ನೆಲದಲ್ಲಿ ಗಳ ನೆಟ್ಟು ಚಪ್ಪರ ಹಾಕಬೇಕಿತ್ತು.

ಸಿದ್ಧ ಪ್ಯಾಕೇಜೇ ಬೇಡ ಅಂತ ನಾನು ಹೇಳುತ್ತಿಲ್ಲ, ನಾನೂ ಬಳಸುತ್ತೇನೆ. ಆದರೆ ಏನೇನು ಬದಲಿಸಿದಿರಿ ಅಂತ ಬರೆದಿಡಿ. ಯಾಕಂದ್ರೆ ಕಟ್ಟಿದವರೂ ಶಾಶ್ವತ ಅಲ್ಲ. ಬಿಟ್ನಾಮಿಯನ್ನೇ ನೋಡಿ. 2019ರಲ್ಲಿ ವಿಎಂವೇರ್ ಕೊಂಡಿತು, 2023ರಲ್ಲಿ ವಿಎಂವೇರನ್ನೇ ಬ್ರಾಡ್‌ಕಾಮ್ ಕೊಂಡಿತು, 2025ರಲ್ಲಿ ಉಚಿತ ಕಂಟೇನರ್ ಇಮೇಜುಗಳಲ್ಲಿ ಬಹುಪಾಲು ಅಪ್‌ಡೇಟೇ ಇಲ್ಲದ 'ಲೆಗಸಿ' ಗೋದಾಮಿಗೆ ಹೋದವು. ನಾಳೆ ಬೇರೆ ಪ್ಯಾಕೇಜ್ ತಂದು ಹಾಕುವಾಗ ಟೈಮ್‌ಝೋನು, ಫಾಂಟು, ಬ್ಯಾಕಪ್ಪು ಎಲ್ಲಾ ಮತ್ತೆ ಮೊದಲಿನಿಂದ. ಬರೆದಿಟ್ಟ ಚೀಟಿ ಇದ್ದರೆ ಅರ್ಧ ದಿನದ ಕೆಲಸ.

ಕುಣಿಗಲ್ಲಿನ ಗೆಳೆಯನೊಬ್ಬ ಈಗ ಒಂದು ಷರತ್ತು ಹಾಕಿದ್ದಾನೆ. ಮೊದಲು ಇವತ್ತಿನ ತಾರೀಖಿನ, ಕನ್ನಡದ ಒಂದು ರಸೀದಿ ಪ್ರಿಂಟ್ ತೆಗೆದು ಕೈಗೆ ಕೊಡಿ, ಆಮೇಲೆ ಚೆಕ್ ಬರೀತೀನಿ ಅಂತ.